ಏಳನೇ ಮನೆಯ ನೀರು

ಇಲ್ಲಿ ಸೀನು ಬಂದರೆ ಏನು ಮಾಡುತ್ತಾರೋ, ಹೊರಗೆ ಕಳಿಸುತ್ತಾರೋ, ಬರೀ ಕಣ್ಣು ಬಿಟ್ಟು ನೋಡುತ್ತಾರೋ — ಬೆಳಗ್ಗೆ ಬರೋಡಾದಿಂದ ಹೊರಟ ರೈಲಿನ ಕಿಟಕಿಯಲ್ಲಿ ಮೂಗಿಗೆ ಹೊಕ್ಕ ಇದ್ದಿಲ ಪುಡಿ ಇನ್ನೂ ಅಲ್ಲೇ ಕೂತಿದೆ, ಯಾರಿಗೂ ಹೇಳಿಲ್ಲ, ಹೇಳುವಷ್ಟು ದೊಡ್ಡ ಸಂಗತಿಯಲ್ಲ, ಆದರೆ ನನ್ನ ಮಟ್ಟಿಗೆ ಇವತ್ತಿನ ಇಡೀ ಭಯ ಅದೇ, ಕೆಳಗೆ ಅಷ್ಟು ಜನ ಶಾಸಕರು, ಬಿಳಿ ಟೋಪಿಗಳ ಸಾಲು, ಮೇಲಿನ ಈ ಗ್ಯಾಲರಿಯಿಂದ ನನ್ನದೊಂದು ಸೀನು ಬಿದ್ದರೆ ಅಷ್ಟೂ ಮುಖಗಳು ಒಟ್ಟಿಗೆ ಮೇಲಕ್ಕೆ ತಿರುಗುತ್ತವೆ, ಬೇಡಪ್ಪಾ, ಸೆರಗಿನ ತುದಿಯಿಂದ ಮೂಗು ಒತ್ತಿ ಹಿಡಿದಿದ್ದೇನೆ. ಒಳಗೆ ಬಿಡುವಾಗ ಬಾಗಿಲಿನ ಖಾಕಿಯವನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದ, ಅಮ್ಮನಿಗಲ್ಲ, ಪಕ್ಕದ ಮನೆಯ ಚಂಪಾಬೆನ್‌ಗಲ್ಲ, ನನಗೆ! — ನಗು ಬಂತು, ಅಯ್ಯಾ, ಮಾತಾಡಬೇಡ ಎಂದು ಸರಕಾರವೇ ಕಾನೂನು ಮಾಡಿಟ್ಟ ಜಾಗವೊಂದಿದೆ ಎಂದು ಗೊತ್ತಿದ್ದರೆ ನಾನು ಎಂದೋ ಬಂದು ಇಲ್ಲಿ ಕೂತಿರುತ್ತಿದ್ದೆ. ಬಿ.ಎ. ಮುಗಿದು ವರ್ಷವಾಯಿತು, ಈಗಲೂ ಅಂಗಡಿಯಲ್ಲಿ ಒಂದು ಸೋಪು ಕೇಳಬೇಕಾದರೆ ವಾಕ್ಯವನ್ನು ಒಳಗೆ ಕನ್ನಡದಲ್ಲಿ ಕಟ್ಟಿ, ಗುಜರಾತಿಗೆ ಇಳಿಸಿ, ಉಜ್ಜಿ ತೊಳೆದು ನೋಡಿ, ಅಷ್ಟರಲ್ಲಿ ಹಿಂದೆ ನಿಂತವರು ಕೈ ಚಾಚಿ ತಮ್ಮದನ್ನು ತಗೊಂಡು ಹೋಗಿರುತ್ತಾರೆ, ಡೈರಿಯಲ್ಲಿ ಮಾತ್ರ ನಾನು ವಾಚಾಳಿ, ಅಲ್ಲಿ ಎಲ್ಲರಿಗೂ ಉತ್ತರ ಕೊಟ್ಟಿದ್ದೇನೆ, ಬಸ್ಸಿನ ಕಂಡಕ್ಟರನಿಗೂ, ಕಾಲೇಜಿನ ಮೇಷ್ಟರಿಗೂ, ಹೆಣ್ಣು ನೋಡಲು ಬಂದು ಇವಳಿಗೆ ಮಾತು ಬರ್ತದಾ ಎಂದು ಕೇಳಿದ ಪುತ್ತೂರಿನ ಹುಡುಗನ ತಾಯಿಗೂ, ತಕ್ಕ ಉತ್ತರ, ಮರುದಿನದ ತಾರೀಕಿನಲ್ಲಿ. ಇದು ಆಸ್ಪತ್ರೆ ಅಂತೆ ಹೌದಾ, ಅಮ್ಮ ಕಿವಿಯ ಹತ್ತಿರ ಬಗ್ಗಿದ್ದಾಳೆ — ಆಸ್ಪತ್ರೆಗೆ ಅಂತ ಕಟ್ಟಿದ್ದಮ್ಮ, ಹೊಸ ರಾಜಧಾನಿ ಎದ್ದು ನಿಲ್ಲುವ ತನಕ ವಿಧಾನಸಭೆ ಇಲ್ಲಿ ಸೇರ್ತದೆ ಅಷ್ಟೆ, ಎಂದೆ ಪಿಸುದನಿಯಲ್ಲಿ — ಎಂತದಾದ್ರೂ ಆಸ್ಪತ್ರೆ ಆಸ್ಪತ್ರೆಯೇ, ಮನೆಗೆ ಹೋದ ಕೂಡ್ಲೆ ಇಬ್ಬರೂ ತಲೆಗೆ ಮೀಯುವಾ, ನೀನು ಅಲ್ಲಿ ಇಲ್ಲಿ ಮುಟ್ಟಬೇಡ. ಖಾಕಿಯವನು ಇತ್ತ ನೋಡಿದ, ನಾನು ತುಟಿ ಮುಚ್ಚಿದೆ, ಎಷ್ಟು ಸುಖ.

ಕೆಳಗೆ ಎಡಗಡೆ ಜಸುಮತಿಬೆನ್, ನಮ್ಮ ಕಡೆಯ ಶಾಸಕಿ, ದಪ್ಪ ಖಾದಿ ಸೀರೆಯಲ್ಲಿ ಮೂಟೆಯ ಹಾಗೆ ಕೂತಿದ್ದಾರೆ, ಸೆರಗಿನ ಮರೆಯಲ್ಲಿ ನಶ್ಯ ಏರಿಸಿದರು, ನೋಡಿದೆ, ಅವರು ಸೀನಿದರೆ ಇಡೀ ಸಭೆ ಹೆದರೀತೇ ಹೊರತು ಅವರು ಹೆದರಲಾರರು, ನಮ್ಮ ಮೂವರಿಗೂ ಪಾಸು ಕೊಡಿಸಿದವರು ಅವರೇ, ಬನ್ನಿ, ನಿಮ್ಮ ನೀರನ್ನು ನಾನು ಸರಕಾರದ ಮುಖಕ್ಕೆ ಹೇಗೆ ಎರಚುತ್ತೇನೆ ನೋಡಿ ಎಂದು. ನಮ್ಮ ನೀರು. ಮಕರಪುರದ ರಸ್ತೆಯಲ್ಲಿ, ಕಾರ್ಖಾನೆಗಳು ಶುರುವಾಗುವ ಮೊದಲು, ಎರಡು ಸಾಲು ಮನೆಗಳ ನಮ್ಮ ಸೊಸೈಟಿ, ಅಪ್ಪ ತೈಲ ಶೋಧನೆಯ ಕಚೇರಿಯಲ್ಲಿ ನಕ್ಷೆ ಬರೆಯುವವರು, ಭೂಮಿಯ ಹೊಟ್ಟೆಯಲ್ಲಿ ಎಣ್ಣೆ ಎಲ್ಲಿದೆ ಎಂದು ಗೆರೆ ಹಾಕುವ ಅಪ್ಪ ಒಂದು ಭಾನುವಾರ ಪೆನ್ಸಿಲು ಹಿಡಿದು ನಮ್ಮ ರಸ್ತೆಯ ಹೊಟ್ಟೆಯನ್ನೂ ಬರೆದು ತೋರಿಸಿದ್ದರು, ನೋಡು ವೇದಾ, ಇದು ಕುಡಿಯುವ ನೀರಿನ ಪೈಪು, ಇದು ಚರಂಡಿ, ಎರಡನ್ನೂ ಒಂದೇ ತೋಡಿನಲ್ಲಿ ಮಲಗಿಸಿದ್ದಾರೆ ಗಂಡ ಹೆಂಡತಿ ಹಾಗೆ, ಪೈಪಿಗೆ ತುಕ್ಕು, ನೀರು ನಿಂತ ಹೊತ್ತಿನಲ್ಲಿ ಇದರದ್ದು ಅದರೊಳಗೆ ಹೋಗ್ತದೆ — ಮತ್ತೆ ನಾವು ಕುಡಿಯುವುದು? ಎಂದು ನಾನು ಕೇಳಿರಲಿಲ್ಲ, ಕೇಳುವ ಮೊದಲೇ ವಾಸನೆ ಹೇಳುತ್ತಿತ್ತು, ಬಟ್ಟೆ ನೆನೆಸಿಟ್ಟು ಮರೆತ ಬಾಲ್ದಿಯ ವಾಸನೆ. ಕಳೆದ ಬೇಸಿಗೆಯಲ್ಲಿ ಕಾಮಾಲೆ ಒಂದು ಮನೆಯಿಂದ ಒಂದು ಮನೆಗೆ ನೆಂಟರ ಹಾಗೆ ಹೋಯಿತು, ಚಂಪಾಬೆನ್ ಮಗ ಜಯಂತಿಯ ಕಣ್ಣು ಅರಸಿನ ಹಚ್ಚಿದ ಹಾಗೆ, ತಿಂಗಳುಗಟ್ಟಲೆ ಮಲಗಿದ, ಎದ್ದ, ಕೊನೆಯ ಮನೆಯ ದರ್ಜಿಯ ಹೆಂಡತಿ ಏಳಲಿಲ್ಲ, ಬಸುರಿಯಾಗಿದ್ದಳು, ಬಸುರಿಯರಿಗೆ ಈ ಕಾಮಾಲೆ ಬಂದರೆ ಕಷ್ಟ ಎಂದು ಡಾಕ್ಟರು ಹೇಳಿದರಂತೆ, ಹೇಳಿದ್ದು ಎಲ್ಲ ಮುಗಿದ ಮೇಲೆ. ಈಗ ಚಂಪಾಬೆನ್ ಸೊಸೆಗೆ ತಿಂಗಳು ತುಂಬುತ್ತಿದೆ, ಮೊನ್ನೆ ಸೀಮಂತವಾಯಿತು, ಎಲ್ಲರೂ ಹಾಡಿದರು, ಚಂಪಾಬೆನ್ ಅಡುಗೆಮನೆಯಲ್ಲಿ ನಲ್ಲಿಯ ಮುಂದೆ ನಿಂತು ಸದ್ದಿಲ್ಲದೆ ಅಳುತ್ತಿದ್ದರು, ಕಂಡೆ, ಪಕ್ಕದಲ್ಲಿ ನಿಂತೆ ಅಷ್ಟೆ, ಬೇಸಿಗೆ ಮತ್ತೆ ಹತ್ತಿರ ಬಂತಲ್ಲ. ಈ ಬೇಸಿಗೆಯ ಒಳಗೆ ಪೈಪು ಬದಲಾಗಬೇಕು, ಆ ಒಂದು ಮಾತಿಗಾಗಿ ಇವತ್ತು ಈ ರೈಲು, ಈ ಬಸ್ಸು, ಈ ಗ್ಯಾಲರಿ. ನವರಾತ್ರಿಯ ಹೊತ್ತಿಗೆ ಜಸುಬೆನ್ ಬಂದು ಚಂಪಾಬೆನ್ ಮನೆಯ ಜೋಕಾಲಿಯಲ್ಲಿ ಕೂತಿದ್ದರು, ಸರಪಳಿ ನರಳಿತು, ಒಂದು ಲೋಟ ನಲ್ಲಿ ನೀರು ತರಿಸಿ ಮೂಸಿ, ಬಾಪ್ ರೇ, ಇದರ ಮುಂದೆ ನನ್ನ ನಶ್ಯ ಏನೂ ಅಲ್ಲ, ಎಂದರು, ಹೆಂಗಸರೆಲ್ಲ ನಕ್ಕರು, ಆಮೇಲೆ ನನ್ನ ಕಡೆ ತಿರುಗಿ ನೀನು ಓದಿದವಳಂತೆ, ನೀನು ಹೇಳು ದಿಕರಿ, ಎಂದರು, ದಿಕರಿ ಅಂದರೆ ಮಗಳು, ಅಷ್ಟು ಪ್ರೀತಿಯಿಂದ ಕೇಳಿದರೂ ನಾನು ಬರೀ ತಲೆಯಾಡಿಸಿದೆ, ಹೆಸರೇನು ಎಂದರು, ಅದೊಂದು ಹೇಗೋ ಹೊರಬಂತು, ವೇದಾ — ಸರಿಹೋಯ್ತು, ಆ ನಾಲ್ಕು ವೇದ ಇನ್ನೂ ಬಾಯಿ ಮುಚ್ಚಿಲ್ಲ, ಈ ಐದನೆಯದು ಬಾಯಿ ತೆರೆಯುವುದೇ ಇಲ್ಲ! ಜೋಕಾಲಿ ಮತ್ತೆ ನರಳಿತು, ನಾನು ಕೆಂಪಾದೆ, ಅವತ್ತಿನ ಡೈರಿಯಲ್ಲಿ ಮೂರು ಪುಟ.

ಶ್, ಬಂತು, ಪ್ರಶ್ನೆಯ ನಂಬರು ಕೂಗಿದರು, ಚಂಪಾಬೆನ್ ನನ್ನ ಮಣಿಕಟ್ಟು ಹಿಡಿದುಕೊಂಡರು, ಬಳೆ ಒತ್ತಿತು. ಜಸುಬೆನ್ ಎದ್ದಿದ್ದಾರೆ, ಮಂತ್ರಿಗಳು ಎದ್ದಿದ್ದಾರೆ, ಮಂತ್ರಿಗಳು ಸೂರತ್ ಕಡೆಯವರಂತೆ, ಅದಕ್ಕೇ ಆ ದನಿ, ಬೈದರೂ ಬೆಲ್ಲ ಹಾಕಿ ಬೈಯುವ ದನಿ — ಹೌದು, ದೂರುಗಳು ಬಂದಿವೆ, ಹೌದು, ತನಿಖೆಯಾಗಿದೆ, ನೀರು ಕುಡಿಯಲು ಯೋಗ್ಯವಾಗಿದೆ — ಯೋಗ್ಯವೇ? ಚಂಪಾಬೆನ್ ಹಿಡಿತ ಬಿಗಿಯಾಯಿತು. ಮಾನ್ಯ ಮಂತ್ರಿಗಳು ಆ ನೀರನ್ನು ಕುಡಿದು ನೋಡಿದ್ದಾರೆಯೇ ಎಂದು ಜಸುಬೆನ್, ಸಭೆ ನಕ್ಕಿತು, ನಾನೂ ಒಳಗೊಳಗೆ, ಎಷ್ಟು ಸಲೀಸಾಗಿ ಬಂತು ಅವರ ಬಾಯಿಂದ, ನಾನಾದರೆ ನಾಳೆ ಬರೆಯಬೇಕಾಗಿದ್ದ ಮಾತು. ಬೆನ್ ಕರೆದರೆ ಇವತ್ತೇ ಬಂದು ಕುಡಿಯುತ್ತೇನೆ, ಜೊತೆಗೆ ತುಪ್ಪದ ಘಾರಿ ಇದ್ದರೆ ಎರಡು ಲೋಟ ಹೆಚ್ಚಿಗೆ, ಎಂದರು ಮಂತ್ರಿಗಳು, ಸೂರತ್ತಿನವರು ಸಿಹಿಯನ್ನು ಎಲ್ಲಿ ಬಿಟ್ಟಾರು, ಈಗ ನಗು ಆ ಕಡೆಗೆ ವಾಲಿತು, ಅವರು ಕನ್ನಡಕ ಏರಿಸಿ ಕೈಯಲ್ಲಿದ್ದ ಹಾಳೆ ಓದುತ್ತಿದ್ದಾರೆ, ಸಂಕ್ರಾಂತಿ ಆದ ಮರುವಾರ ನಮ್ಮ ಇಲಾಖೆಯವರು ಸ್ಥಳಕ್ಕೇ ಹೋಗಿ ಒಂದು ಮನೆಯಿಂದ ನೀರು ತಂದು ಪ್ರಯೋಗಾಲಯದಲ್ಲಿ ನೋಡಿದ್ದಾರೆ, ಬಣ್ಣ, ಇಲ್ಲ, ಕದಡು, ಇಲ್ಲ, ರೋಗಾಣು, ಇಲ್ಲ, ವಾಸನೆ — ಇಲ್ಲಿ ನಿಂತರು, ಹಾಳೆಯನ್ನು ಕಣ್ಣಿಗೆ ಹತ್ತಿರ ತಂದರು, ಬೇಕೆಂದೇ — ವಾಸನೆ, ಹಿತವಾದ ಪರಿಮಳ. ಛಾವಣಿ ಹಾರಿಹೋದೀತು ಅಷ್ಟು ನಗು. ಯಾರೋ ಹಿಂದಿನಿಂದ, ಜಸುಬೆನ್, ನಮಗೂ ಒಂದೊಂದು ಬಾಟಲಿ! ಇನ್ನೊಬ್ಬರು, ಅಲ್ಲಿ ಅತ್ತರಿನ ಪೈಪು ಹಾಕಿದ್ದಾರೆ, ತಪಾಸಣೆಯಾಗಲಿ! ಸಭಾಧ್ಯಕ್ಷರು ಮೇಜು ಕುಟ್ಟುತ್ತಾ ತಾವೂ ನಗುತ್ತಿದ್ದಾರೆ. ಜಸುಬೆನ್ ನಗಲಿಲ್ಲ, ಕುತ್ತಿಗೆಯ ಹಿಂಭಾಗ ಮಾತ್ರ ನನಗೆ ಕಾಣುತ್ತದೆ, ಕೆಂಪೇರಿದೆ, ಯಾರ ಮನೆಯ ನೀರು ಅದು ಎಂದು ಕೇಳಿದರು, ದನಿ ಸ್ವಲ್ಪ ತಗ್ಗಿದೆ — ಏಳನೇ ನಂಬರಿನ ಮನೆ, ಕೇಂದ್ರ ಸರಕಾರಿ ನೌಕರರು, ಶ್ರೀ ರಾವ್, ಮದ್ರಾಸಿ ಸಭ್ಯ ಕುಟುಂಬ. ಏಳು. ನಮ್ಮದು. ಮದ್ರಾಸಿಗಳಲ್ಲ, ಆದರೆ ನಮ್ಮದೇ. ಮಂತ್ರಿಗಳು ಮುಂದುವರಿಸುತ್ತಿದ್ದಾರೆ, ಈ ವರ್ಷ ಆ ಸೊಸೈಟಿಗೆಂದು ಇಟ್ಟಿದ್ದ ಹೊಸ ಪೈಪನ್ನು ನಿಜವಾಗಿ ಅಗತ್ಯವಿರುವ ಬೇರೆ ಊರಿಗೆ ಕೊಡೋಣವೆಂದಿದ್ದೇವೆ, ಬೆನ್ ಅವರದ್ದು ದೊಡ್ಡ ಮನಸ್ಸು, ಬೇಡ ಎನ್ನಲಾರರು. ಮುಂದಿನ ಪ್ರಶ್ನೆ. ಯಾರೋ ಆಗಲೇ ಎದ್ದು ಯಾವುದೋ ಸೇತುವೆಯ ಬಗ್ಗೆ ಕೇಳುತ್ತಿದ್ದಾರೆ, ಜಸುಬೆನ್ ಇನ್ನೂ ನಿಂತೇ ಇದ್ದಾರೆ, ಆಮೇಲೆ ಕೂತರು, ಚಂಪಾಬೆನ್ ನನ್ನ ಕೈ ಬಿಟ್ಟರು, ಬಿಟ್ಟ ಜಾಗ ತಣ್ಣಗಾಯಿತು.

ಆಗ ಈ ಕಡೆಯಿಂದ ಅಮ್ಮನ ಮೊಣಕೈ — ವೇದಾ, ರಾವ್ ಅಂದ್ರಲ್ವಾ, ಸಾತ್ ಅಂದ್ರಲ್ವಾ, ಸಾತ್ ಅಂದ್ರೆ ಏಳು, ನಂಗೆ ಗೊತ್ತಾಗ್ತದೆ, ನಮ್ಮ ಮನೆ ಸುದ್ದಿಯಾ? — ಹೌದಮ್ಮ, ಸುಮ್ಮನಿರು — ಎಂತ ಹೇಳಿದ್ದು? — ನಮ್ಮ ಮನೆಯ ನೀರಿಗೆ ಪರಿಮಳ ಉಂಟಂತೆ. ಅಮ್ಮನ ಮುಖ, ಅಯ್ಯೋ, ದೀಪ ಹಚ್ಚಿದ ಹಾಗೆ ಆಯಿತು, ಇರದೆ? ಲಾವಂಚ ಹಾಕಿದ್ದು ಮಾರಾಯ್ತಿ! ಆ ಹುಡುಗ ತಪಾಸಿಗೆ ಅಂತ ಕೇಳಿದ, ಸರಕಾರಕ್ಕೆ ಹೋಗ್ತದೆ ನೀರು, ಬಾಟ್ಲಿಗೆ ನಮ್ಮ ಮನೆ ನಂಬ್ರದ ಚೀಟಿ ಬೇರೆ ಅಂಟಿಸಿದ, ಅದಕ್ಕೆ ಆ ನಾರುವ ನಳ್ಳಿ ನೀರು ಹಾಕ್ಲಿಕ್ಕೆ ಆಗ್ತದಾ, ನಮ್ಮ ಹೆಸರು ಹಾಕಿ ಅದನ್ನು ಕಳಿಸಿದ್ರೆ ನಾಲ್ಕು ಜನ ಎಂತ ಹೇಳ್ತಾರೆ? ಶ್, ಎಂದ ಖಾಕಿಯವನು, ನಾನು ಅಮ್ಮನ ತೊಡೆಯ ಮೇಲೆ ಕೈಯಿಟ್ಟೆ, ಒಳಗಿಂದ ಏನೋ ಗುಳುಗುಳು ಏಳುತ್ತಿದೆ, ನಗು, ದೇವರೇ, ನಗು! ಆ ದಿನ ನಾನು ಒಳಗಿನ ಕೋಣೆಯಲ್ಲಿದ್ದೆ, ಕಿಟಕಿಯಿಂದ ಕಂಡದ್ದು ಇಷ್ಟೇ, ಬಾಗಿಲಲ್ಲಿ ಬೂಟು ಹಾಕಿದ ತೆಳ್ಳಗಿನ ಒಬ್ಬ, ಪೂಜೆ ಮುಗಿಸಿ ಮಡಿಯಲ್ಲಿದ್ದ ಅಮ್ಮ, ನಲ್ಲಿ ಇರುವುದು ಅಡುಗೆಮನೆಯ ಆಚೆ, ಬೂಟಿನವನನ್ನು ಅಲ್ಲಿಗೆ ಬಿಡುವುದುಂಟೇ, ಅಲ್ಲೇ ನಿಲ್ಲಿ ಅಲ್ಲೇ ನಿಲ್ಲಿ ಎಂದು ಕನ್ನಡದಲ್ಲೇ ಕೈ ತೋರಿಸಿದಳು, ಅವನೂ ಪಾಪ, ಹೊಸಿಲಿನ ಆಚೆ ಬಗ್ಗಿ ಬಾಟಲಿ ಹಿಡಿದ, ಅಮ್ಮ ಮೈಲಿಗೆಯಾಗದ ಹಾಗೆ ತಂಬಿಗೆಯನ್ನು ಎತ್ತರಕ್ಕೆ ಎತ್ತಿ ಸುರಿದಳು, ಮೇಲಿನಿಂದ ಬಾಟಲಿಯ ಬಾಯಿಗೆ ನೀರಿನ ಒಂದು ಎಳೆ, ಬೆಳಗಿನ ಬಿಸಿಲಲ್ಲಿ ಕಡಿಯದ ಬೆಳ್ಳಿಯ ಎಳೆ, ಒಂದು ಹನಿ ಆಚೀಚೆಯಿಲ್ಲ, ಹತ್ತು ವರ್ಷ ಅಂಚೆಯವನಿಗೂ ಕತ್ತರಿ ಸಾಣೆಯವನಿಗೂ ಹಾಗೆಯೇ ಬೊಗಸೆಗೆ ಸುರಿದ ಕೈ ಅದು, ಬಾಯಾರಿದವನು ದಾರಿಗೆ ನೀರು ತುಂಬಿಸಿಕೊಂಡ ಎಂದೇ ಅಂದುಕೊಂಡೆ, ಓದುತ್ತಿದ್ದ ಪುಟಕ್ಕೆ ವಾಪಸು ಹೋದೆ. ಆ ನೀರು ನಲ್ಲಿಯದಲ್ಲ, ಬೇಸಿಗೆಯೊಂದನ್ನು ಬಿಟ್ಟರೆ ಕುಡಿಯುವುದಕ್ಕೆ ನಾವು ನಲ್ಲಿಯ ನೀರು ಮುಟ್ಟುವುದೇ ಇಲ್ಲ, ಮುಂದಿನ ಮರಾಠಾ ಬಂಗಲೆಯ ಬಾವಿಯದು, ಅಲ್ಲಿಯ ಅಜ್ಜಿಗೆ ಅಮ್ಮ ಸಾರಿನ ಪುಡಿ ಕೊಡುತ್ತಾಳೆ, ಅಜ್ಜಿ ಅಮ್ಮನಿಗೆ ಎರಡು ಕೊಡ ನೀರು ಕೊಡುತ್ತಾರೆ, ತಂದು, ಸೋಸಿ, ಕುದಿಸಿ, ಆರಿಸಿ, ತಾಮ್ರದ ಹಂಡೆಗೆ ಹಾಕಿ, ಊರಿಂದ ಬಂದ ಲಾವಂಚದ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟು — ಆ ಎರಡು ಕೊಡದಲ್ಲೇ ಒಂದು ತಂಬಿಗೆ ದಿನಾ ಚಂಪಾಬೆನ್ ಸೊಸೆಗೂ ಹೋಗುತ್ತದೆ, ಬೇಸಿಗೆಯಲ್ಲಿ ಬಾವಿಯ ತಳ ಕಾಣುತ್ತದೆ, ಆಗ ಅವಳಿಗೂ ಇಲ್ಲ ನಮಗೂ ಇಲ್ಲ. ಆದರೆ ಸಂಕ್ರಾಂತಿಯಲ್ಲಿ ಇತ್ತು. ಸರಕಾರ ನಮ್ಮ ಸೊಸೈಟಿಯ ಪೈಪನ್ನು ಪರೀಕ್ಷಿಸಲಿಲ್ಲ, ಅಮ್ಮನನ್ನು ಪರೀಕ್ಷಿಸಿತು, ಅಮ್ಮ ಪಾಸಾದಳು! ಹಾಗಾದರೆ ಯಾರೂ ಸುಳ್ಳು ಹೇಳಿಲ್ಲ, ಚಂಪಾಬೆನ್ ಹೇಳಿದ್ದು ನಿಜ, ಪ್ರಯೋಗಾಲಯದವರು ಬರೆದದ್ದು ನಿಜ, ಮಂತ್ರಿಗಳು ಓದಿದ್ದೂ ನಿಜ, ಆ ಪರಿಮಳ ಕೂಡ ನಿಜ, ಎದೆಯ ಮೇಲೆ ಕೂತಿದ್ದ ಏನೋ ಒಂದು ಎದ್ದು ಹೋದ ಹಾಗೆ, ಹಾಶ್, ಇಷ್ಟೇನಾ, ಇಷ್ಟು ಸಣ್ಣದಾ, ಒಂದು ವಾಕ್ಯದಲ್ಲಿ ಹಿಡಿಸುವಷ್ಟು.

ಒಂದು ವಾಕ್ಯ. ಅದನ್ನು ಯಾರಾದರೂ ಹೇಳಬೇಕು. ನಾವು ಎದ್ದು ಹೊರಗೆ ಬಂದಿದ್ದೇವೆ, ಉದ್ದನೆಯ ಮೊಗಸಾಲೆ, ಗೋಡೆಗೆ ಆಸ್ಪತ್ರೆಯ ಬಿಳಿ ಬಣ್ಣ, ಅಮ್ಮ ಯಾವುದನ್ನೂ ಮುಟ್ಟದೆ ನಡುವೆ ನಡೆಯುತ್ತಿದ್ದಾಳೆ, ರಾಣಿಯ ಹಾಗೆ, ಯಾರಾದರೂ ಎದುರಿಗೆ ಬಂದರೆ ಸಣ್ಣಗೆ ನಗುತ್ತಾಳೆ, ಪರಿಮಳದ ಮನೆಯವಳು, ಮನೆಗೆ ಹೋಗಿ ನಿನ್ನ ಅಪ್ಪನಿಗೆ ಹೇಳ್ಬೇಕು, ಈ ಲಾವಂಚ ಎಂತಕ್ಕೆ, ಕುಡಿಯುವಾಗ ಗಂಟಲಿಗೆ ಕೂದಲು ಸಿಕ್ಕಿದ ಹಾಗಾಗ್ತದೆ ಅಂತ ದಿನಾ ಹೇಳ್ತಾರಲ್ಲ, ಈಗ ಹೇಳ್ಲಿ ನೋಡುವಾ, ಇಡೀ ಗುಜರಾತು ಕೇಳಿತು. ಇವಳಿಗೆ ಹೇಗೆ ಹೇಳಲಿ, ಅಮ್ಮ, ನಿನ್ನ ಒಳ್ಳೆಯ ನೀರೇ ನಮ್ಮ ಪೈಪನ್ನು ಬೇರೆ ಊರಿಗೆ ಕಳಿಸಿತು ಎಂದು, ಹತ್ತು ವರ್ಷದಲ್ಲಿ ಈ ಊರು ಇವಳನ್ನು ಹೊಗಳಿದ್ದು ಇದೇ ಮೊದಲು, ಅದೂ ಸಭೆಯಲ್ಲಿ, ನಾನೇ ಕಿತ್ತುಕೊಳ್ಳಲೇ, ಬೇಡ, ಅಪ್ಪನಿಗೆ ಹೇಳೋಣ, ಅಪ್ಪ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆಯುತ್ತಾರೆ, ಅದು ಇಲಾಖೆಗೆ ಹೋಗಿ, ಇಲಾಖೆಯಿಂದ ಇಲಾಖೆಗೆ ಹೋಗಿ, ಅಷ್ಟರಲ್ಲಿ — ಅಷ್ಟರಲ್ಲಿ ಬೇಸಿಗೆ. ಜಸುಬೆನ್ ಹೊರಗೆ ಬಂದರು. ನಡಿಗೆ ಬೇರೆಯಾಗಿದೆ, ಭಾರ. ಚಂಪಾ, ಎಂದರು, ಅಕ್ಕ ಎನ್ನುವ ಆ ಬೆನ್ ಕೂಡ ಸೇರಿಸಲಿಲ್ಲ, ಇಪ್ಪತ್ತು ವರ್ಷದಿಂದ ಜನರ ನಡುವೆ ಓಡಾಡ್ತಿದ್ದೇನೆ, ಈ ಥರ ನಗೆಪಾಟಲು ಯಾವತ್ತೂ ಆಗಿರಲಿಲ್ಲ, ಅವತ್ತು ಲೋಟದಲ್ಲಿ ನನಗೆ ಕೊಟ್ಟದ್ದು ಯಾವ ನೀರು, ಖರೇ ಹೇಳು, ಅದಕ್ಕೆ ಏನಾದರೂ ಸೇರಿಸಿದ್ದೆಯಾ? ಚಂಪಾಬೆನ್ ಹುಚ್ಚು ಹಿಡಿದವರ ಹಾಗೆ, ಅಂಬಾಮಾತೆಯ ಆಣೆ ಜಸುಬೆನ್, ನನ್ನ ಜಯಂತಿಯ ಆಣೆ, ಎಂದು ತಲೆಯ ಮೇಲೆ ಕೈಯಿಟ್ಟುಕೊಂಡು, ನನ್ನ ಸೊಸೆಯ ಹೊಟ್ಟೆಯಲ್ಲಿರೋ — ಸಾಕು ಸಾಕು, ಹೊಟ್ಟೆಯಲ್ಲಿರೋದರ ಮೇಲೆ ಆಣೆ ಹಾಕಬೇಡ, ಎಂದು ಜಸುಬೆನ್ ಅವರ ಕೈ ಹಿಡಿದು ಇಳಿಸಿದರು, ಕೋಪ ಹೋಗಿ ದಣಿವು ಬಂದಿದೆ ಮುಖದಲ್ಲಿ, ಕೋಪವೇ ವಾಸಿಯಿತ್ತು. ಅಷ್ಟರಲ್ಲಿ ಮಂತ್ರಿಗಳು, ಹಿಂದೆ ಕಡತ ಹೊತ್ತ ಒಬ್ಬ ಅಧಿಕಾರಿ, ನಗುತ್ತಲೇ ಬಂದರು, ಜಸುಬೆನ್, ಮುನಿಸಿಕೊಳ್ಳಬೇಡಿ, ಸಭೆಯಲ್ಲಿ ನಾಲ್ಕು ಮಾತು ಬರ್ತದೆ ಹೋಗ್ತದೆ, ಆ ಪೈಪಿನ ಆದೇಶಕ್ಕೆ ಇವತ್ತೇ ಸಹಿ ಹಾಕ್ತಿದ್ದೇನೆ, ನಿಮ್ಮದೇನೂ ಅಡ್ಡಿಯಿಲ್ಲವಲ್ಲ, ನೀವು ಹೂಂ ಅಂದರೆ ಮುಗೀತು.

ಅವರು ಹೂಂ ಎನ್ನುತ್ತಾರೆ, ನೋಡುತ್ತಿದ್ದೇನೆ, ಆ ಹೂಂ ಅವರ ಗಂಟಲಲ್ಲಿ ಏಳುತ್ತಿದೆ, ನಶ್ಯದ ಡಬ್ಬಿಯನ್ನು ಬೆರಳುಗಳು ತಿರುಗಿಸುತ್ತಿವೆ, ಹೇಳು ವೇದಾ, ಹೇಳು, ಮೊದಲು ಕನ್ನಡದಲ್ಲಿ ಕಟ್ಟು, ಮಾನ್ಯ ಮಂತ್ರಿಗಳೇ ಎನ್ನಬೇಕೇ, ಸಾಹೇಬ್ ಎಂದರೆ ಸಾಕೇ, ಅನುಮತಿ ಕೊಟ್ಟರೆ ಒಂದು ಮಾತು ಅರಿಕೆ ಮಾಡಿಕೊಳ್ಳುತ್ತೇನೆ, ಉದ್ದವಾಯಿತು, ಕತ್ತರಿಸು, ಅಂಗಡಿಯ ಮುಂದೆ ನಿಂತ ಹಾಗೇ ನಿಂತಿದ್ದೇನೆ, ಹಿಂದಿನವರು ಕೈ ಚಾಚಿ ತಗೊಂಡು ಹೋಗುತ್ತಿದ್ದಾರೆ, ಈ ಸಲ ಸೋಪಲ್ಲ. ಎಂತ, ಎಂತ ಹೇಳ್ತಿದ್ದಾರೆ ಇವ್ರು, ಚಂಪಾ ಯಾಕೆ ಅಳೋದು, ಅಮ್ಮ ನನ್ನ ಸೆರಗು ಜಗ್ಗುತ್ತಿದ್ದಾಳೆ, ಮಂತ್ರಿಗಳತ್ತ ನೋಡಿ ಕೈಮುಗಿದಳು, ಇವರೇ ಅಲ್ವಾ ಪರಿಮಳ ಅಂದದ್ದು, ಮತ್ತೆ ನೀನೆಂತ ಕಂಬದ ಹಾಗೆ ನಿಂತದ್ದು, ಹೇಳು ಇವರಿಗೆ, ಅದು ನಳ್ಳಿ ನೀರಲ್ಲ, ನಳ್ಳಿ ನೀರಿಗೆ ಎಲ್ಲಿಯ ಪರಿಮಳ, ಅದು ಬಾವಿದು, ನಮ್ಮಮ್ಮ ಕುದಿಸಿ ಲಾವಂಚ ಹಾಕಿದ್ದು ಅಂತ ಹೇಳು, ನಾನು ಕಷ್ಟಪಟ್ಟದ್ದಕ್ಕೆ ಆ ತುಕ್ಕು ಹಿಡಿದ ಪೈಪಿಗೆ ಯಾಕೆ ಹೆಸರು? ನಾನು ಅಮ್ಮನನ್ನು ನೋಡಿದೆ. ಇವಳಿಂದ ಕಿತ್ತುಕೊಳ್ಳಬೇಕಲ್ಲ ಎಂದು ನಾನು ಹೆದರಿದ್ದು ಇದನ್ನೇ, ಇವಳು ಇದನ್ನೇ ಕೈಯಲ್ಲಿಟ್ಟುಕೊಂಡು ಕೊಡು ಕೊಡು ಎನ್ನುತ್ತಿದ್ದಾಳೆ, ಅಮ್ಮನಿಗೆ ಬೇಕಾದದ್ದು, ಚಂಪಾಬೆನ್‌ಗೆ ಬೇಕಾದದ್ದು, ಹುಟ್ಟಬೇಕಾದ ಆ ಕೂಸಿಗೆ ಬೇಕಾದದ್ದು ಒಂದೇ ಮಾತು, ನನ್ನ ಅಮ್ಮನಿಗೆ ಗುಜರಾತಿ ಬರುವುದಿಲ್ಲ, ಇವರಿಗೆ ಯಾರಿಗೂ ಕನ್ನಡ ಬರುವುದಿಲ್ಲ, ನಾನೊಬ್ಬಳು ನಡುವೆ ನಿಂತಿದ್ದೇನೆ ಎರಡನ್ನೂ ಬಾಯಲ್ಲಿಟ್ಟುಕೊಂಡು. ನಗು ಬಂತು, ತಡೆಯಲಾಗಲಿಲ್ಲ, ಸಣ್ಣದೊಂದು ಸದ್ದು ಮಾಡಿಯೇ ಹೊರಬಂತು, ಮಂತ್ರಿಗಳು ತಿರುಗಿದರು, ಅಧಿಕಾರಿ ತಿರುಗಿದ, ಜಸುಬೆನ್ ಹುಬ್ಬೇರಿಸಿದರು, ಇಷ್ಟೂ ಮುಖಗಳು ನನ್ನ ಕಡೆಗೆ, ಮತ್ತು ಏನೂ ಆಗಲಿಲ್ಲ, ನೆಲ ಬಾಯಿ ಬಿಡಲಿಲ್ಲ, ಕಿವಿ ಬಿಸಿಯಾಯಿತು ಅಷ್ಟೆ, ಬರೀ ಮುಖಗಳು, ಕಾಯುತ್ತಿರುವ ಮುಖಗಳು, ಏನು ದಿಕರಿ ಎಂದರು ಜಸುಬೆನ್, ಕಟ್ಟಿಟ್ಟ ವಾಕ್ಯ ಒಂದೂ ಉಳಿದಿಲ್ಲ, ತಲೆಯಲ್ಲಿ ಕನ್ನಡವೂ ಇಲ್ಲ ಗುಜರಾತಿಯೂ ಇಲ್ಲ, ಹೊಸಿಲು, ಎತ್ತಿದ ಕೈ, ಮೇಲಿನಿಂದ ನೀರಿನ ಒಂದು ಎಳೆ, ಬಿಸಿಲು, ಬಾಟಲಿಯ ಬಾಯಿ, ಎತ್ತಿದ ಕೈ, ನೀರಿನ ಎಳೆ, ಅದು ಬೀಳುತ್ತಲೇ ಇದೆ, ಕಡಿಯುತ್ತಿಲ್ಲ, ನೀರಿನ ಎಳೆ —

ಜಸುಬೆನ್, ಎಂದೆ, ಗಟ್ಟಿಯಾಗಿ, ಆ ನೀರು ನಲ್ಲಿಯದಲ್ಲ, ನಮ್ಮಮ್ಮನದು.